ವಾಯುಶೀತಲ ಎಂಜಿನೂ ಸ್ವತಂತ್ರ ಮೋಟಾರು ಸೈಕಲ್ ಸಂಸ್ಥೆಗಳೂ

ಬೆಳಗಾವಿಯ ರಾಮತೀರ್ಥ ನಗರದಿಂದ ಹೊರಟ ಒಂದು ಮೋಟಾರು ಸೈಕಲ್ಲು ಊರನ್ನು ದಾಟಿ, ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ಮೇಲೆ ಹಾದು, ಚೋರ್ಲಾ ಘಟ್ಟವನ್ನಿಳಿದು ಗೋವೆಯನ್ನು ಸೇರುತ್ತದೆಂದು ಭಾವಿಸೋಣ. ಹೋಗುವಾಗ ಎಂಜಿನಿಗೆ ಹೆಚ್ಚಿನ ಶ್ರಮವಿಲ್ಲ. ಹಿಂದಿರುಗುವಾಗ, ಇಬ್ಬರು ಸವಾರರನ್ನು ಹೊತ್ತು ಕೆಳಗಿನ ಗೇರಿನಲ್ಲಿ ಏರನ್ನು ಹತ್ತಬೇಕಾದಾಗ, ಅದು ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿಯಬೇಕು; ಆದರೆ ವೇಗ ಕಡಿಮೆಯಾದುದರಿಂದ ಅದಕ್ಕೆ ತಗಲುವ ಗಾಳಿ ಅಷ್ಟೇ ಕಡಿಮೆ. ಶ್ರಮ ಅತ್ಯಧಿಕವಾಗಿರುವಾಗಲೇ ಗಾಳಿಯ ನೆರವು ಅತ್ಯಲ್ಪವಾಗಿರುವ ಈ ವಿರೋಧವೇ ವಾಯುಶೀತಲ ಎಂಜಿನಿನ ಮೂಲ ಸಮಸ್ಯೆ.

ಈ ಬಗೆಯ ಎಂಜಿನಿಗೆ ಮುಂದೆ ಸ್ಥಾನವುಂಟೇ ಎಂಬುದು ಒಂದು ಪ್ರಶ್ನೆ. ದೊಡ್ಡ ಉದ್ಯಮಗಳ ಆಶ್ರಯವಿಲ್ಲದೆ ತಮ್ಮ ಬಲದಿಂದಲೇ ವಾಹನಗಳನ್ನು ನಿರ್ಮಿಸುವ ಸ್ವತಂತ್ರ ಸಂಸ್ಥೆಗಳು ಉಳಿಯಬಲ್ಲವೇ ಎಂಬುದು ಇನ್ನೊಂದು. ಸಾಮಾನ್ಯವಾಗಿ ಇವೆರಡನ್ನೂ ಒಂದೇ ಎಂಬಂತೆ ಚರ್ಚಿಸುವುದುಂಟು: ಹಳೆಯ ಎಂಜಿನು ಅಳಿಯಿತು, ಆದುದರಿಂದ ಅದನ್ನು ಮಾಡುತ್ತಿದ್ದ ಸಂಸ್ಥೆಯೂ ಅಳಿಯಿತು ಎಂದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂದೂ, ಎಂಜಿನಿನ ಆಯುಷ್ಯ ಬೇರೆ, ಸಂಸ್ಥೆಯ ಆಯುಷ್ಯ ಬೇರೆ ಎಂದೂ ನಮ್ಮ ಅಭಿಪ್ರಾಯ. ನಮ್ಮ ನಾಡಿನದೇ ಆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಮೊದಲು ಉಷ್ಣದ ವಿಚಾರ. ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಇನ್ನೊಂದು ಪಾಲು ಸಿಲಿಂಡರಿನ ಗೋಡೆಗೂ ತಲೆಗೂ ಸೇರುತ್ತದೆ. ಗೋಡೆಗೆ ಸೇರಿದ ಈ ಉಷ್ಣವನ್ನು ಹೊರಕ್ಕೆ ಸಾಗಿಸದಿದ್ದರೆ ಎಣ್ಣೆ ಸುಟ್ಟು, ಪಿಸ್ಟನ್ನು ಹಿಗ್ಗಿ, ಎಂಜಿನು ಹಿಡಿದುಕೊಳ್ಳುತ್ತದೆ. ವಾಯುಶೀತಲ ಎಂಜಿನಿನಲ್ಲಿ ಈ ಸಾಗಣೆಯ ಕೆಲಸವನ್ನು ಸಿಲಿಂಡರಿನ ಸುತ್ತಲೂ ಎರಕದಲ್ಲಿಯೇ ಮೂಡಿಸಿದ ತೆಳುಪಟ್ಟಿಗಳು ಮಾಡುತ್ತವೆ. ಮೆಕ್ಯಾನಿಕರು ಇವನ್ನು ಫಿನ್ನುಗಳೆನ್ನುತ್ತಾರೆ. ಗಾಳಿಗೆ ತೆರೆದ ಮೈಯನ್ನು ಹಲವು ಪಟ್ಟು ಹೆಚ್ಚಿಸುವುದೇ ಇವುಗಳ ಉದ್ದೇಶ. ಬೀಡುಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಮಿಶ್ರಲೋಹ ಸುಮಾರು ಮೂರು ಪಟ್ಟು ಚೆನ್ನಾಗಿ ಉಷ್ಣವನ್ನು ಹರಿಯಗೊಡುವುದರಿಂದ ಈಚಿನ ಎಂಜಿನುಗಳಲ್ಲಿ ಅದರ ಬಳಕೆ ಹೆಚ್ಚಿದೆ.

ಆದರೆ ಗಾಳಿಯ ಸಾಮರ್ಥ್ಯಕ್ಕೆ ಮಿತಿಯುಂಟು. ಸಮಾನ ಗಾತ್ರದ ನೀರು ಮತ್ತು ಗಾಳಿಗಳನ್ನು ಒಂದೇ ಪ್ರಮಾಣದಲ್ಲಿ ಬಿಸಿಮಾಡಿದರೆ, ಗಾಳಿಗಿಂತ ನೀರು ಸುಮಾರು ಮೂರೂವರೆ ಸಾವಿರ ಪಟ್ಟು ಉಷ್ಣವನ್ನು ಹೀರುತ್ತದೆ. ಎರಡನೆಯ ಮಿತಿ ರೇಖಾಗಣಿತದ್ದು. ಸಿಲಿಂಡರಿನ ಅಳತೆಗಳನ್ನೆಲ್ಲ ಇಮ್ಮಡಿಸಿದರೆ ಅದರ ಘನಗಾತ್ರ ಎಂಟು ಪಟ್ಟಾಗುತ್ತದೆ. ಮೈಯ ವಿಸ್ತೀರ್ಣ ನಾಲ್ಕು ಪಟ್ಟು ಮಾತ್ರ. ಉಷ್ಣ ಹುಟ್ಟುವುದು ಗಾತ್ರದಲ್ಲಿ, ಹೊರಹೋಗುವುದು ಮೈಯಿಂದ. ಆದುದರಿಂದಲೇ 100 ಘನ ಸೆಂಟಿಮೀಟರಿನ ಪುಟ್ಟ ಎಂಜಿನಿಗೆ ಗಾಳಿ ಧಾರಾಳವಾಗಿ ಸಾಲುತ್ತದೆ. ದೊಡ್ಡ ಎಂಜಿನಿಗೆ ಸಾಲುವುದು ಕಷ್ಟ.

ಈ ಮಿತಿ ಎಲ್ಲಿದೆಯೆಂಬುದನ್ನು ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಮೂರು ಎಂಜಿನುಗಳಿಂದ ಊಹಿಸಬಹುದು. 2020ರಲ್ಲಿ ಹೊರಬಂದ 349 ಘನ ಸೆಂಟಿಮೀಟರಿನ ಎಂಜಿನು 20.2 ಅಶ್ವಶಕ್ತಿಯದು, ಎಂದರೆ ಲೀಟರಿಗೆ ಸುಮಾರು 58. ಹಿಮಾಲಯನ್ ವಾಹನದ ಹಳೆಯ 411ರ ಎಂಜಿನು 24.3 ಅಶ್ವಶಕ್ತಿಯದು; ಲೀಟರಿಗೆ ಸುಮಾರು 59. ಇವೆರಡೂ ಗಾಳಿಯನ್ನು, ಅದಕ್ಕೆ ಸಹಾಯಕವಾಗಿ ಎಣ್ಣೆಯನ್ನು ನಂಬಿದವು. 2023ರಲ್ಲಿ ಅದೇ ಹಿಮಾಲಯನ್ನಿಗೆ 452ರ ಹೊಸ ಎಂಜಿನನ್ನಿತ್ತು ಸುಮಾರು 40 ಅಶ್ವಶಕ್ತಿಯನ್ನು, ಅಂದರೆ ಲೀಟರಿಗೆ ಸುಮಾರು 88ನ್ನು ಬಯಸಿದಾಗ, ಸಂಸ್ಥೆ ದ್ರವಶೀತಲ ವ್ಯವಸ್ಥೆಗೆ ತಿರುಗಬೇಕಾಯಿತು. ಮಿತವಾದ ಶಕ್ತಿಗೆ ಗಾಳಿ ಸಾಕು, ಹೆಚ್ಚಿನ ಶಕ್ತಿಗೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಉಷ್ಣದ ಜೊತೆಗೆ ಕಾನೂನಿನ ಒತ್ತಡವೂ ಸೇರಿದೆ. ವಾಯುಶೀತಲ ಎಂಜಿನಿನ ತಾಪ ರಸ್ತೆ, ವೇಗ, ಹವೆಗಳನ್ನನುಸರಿಸಿ ಏರಿಳಿಯುತ್ತದೆ. ಆದುದರಿಂದ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಹೆಚ್ಚು ಸಡಿಲವನ್ನಿಡಬೇಕು. ತಾಪವನ್ನು ತಗ್ಗಿಸಲು ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನೂ ಕೊಡಬೇಕಾಗುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಾದರೋ ಗಾಳಿ ಪೆಟ್ರೋಲುಗಳ ಮಿಶ್ರಣ ಕರಾರುವಾಕ್ಕಾಗಿರಬೇಕೆಂದು ಅಪೇಕ್ಷಿಸುತ್ತದೆ. 2017ರ ಏಪ್ರಿಲಿನಿಂದ ಭಾರತ್ ಸ್ಟೇಜ್ ನಾಲ್ಕು, 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮಗಳು ಜಾರಿಗೆ ಬಂದ ಮೇಲೆ ಈ ಇಕ್ಕಟ್ಟು ಬಿಗಿಯಾಯಿತು. ಆದರೂ ಸಣ್ಣ ವಾಯುಶೀತಲ ಎಂಜಿನುಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಕಾರ್ಬುರೇಟರಿನ ಬದಲು ವಿದ್ಯುತ್ ನಿಯಂತ್ರಣದಿಂದ ಇಂಧನವನ್ನು ಚಿಮ್ಮಿಸುವ ಏರ್ಪಾಡು ಅವನ್ನು ಉಳಿಸಿತು. ಹೀಗಿರುವಾಗ ವಾಯುಶೀತಲ ಎಂಜಿನಿನ ಯುಗ ಮುಗಿದುಹೋಯಿತೆಂಬ ಮಾತು ಸರಿಯಲ್ಲ. ಅದರ ಕ್ಷೇತ್ರ ಕಿರಿದಾಗಿದೆ, ಅಷ್ಟೆ.

ಇನ್ನು ಎರಡನೆಯ ಪ್ರಶ್ನೆ. ಜಾವಾ ಎಂಬುದು ಮೂಲತಃ ಜೆಕೊಸ್ಲೊವಾಕಿಯದ ಹೆಸರು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಮೋಟಾರು ಸೈಕಲ್ಲಿನ ನಿರ್ಮಾಣದ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ರಚಿಸಿದನು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ನಿರ್ಮಾಣ ಆರಂಭವಾಯಿತು; 1973ರಿಂದ ವಾಹನಗಳು ಯೆಜ್ದಿ ಎಂಬ ಹೆಸರನ್ನು ತಳೆದವು. 65 ಮಿಲಿಮೀಟರ್ ವ್ಯಾಸ, 75 ಮಿಲಿಮೀಟರ್ ಚಲನದ ಒಂಟಿ ಸಿಲಿಂಡರು, ಎರಡು ಹೊಗೆಕೊಳವೆಗಳು, ಕಿಕ್ ಹೊಡೆಯಲೂ ಗೇರು ಬದಲಿಸಲೂ ಒಂದೇ ಸನ್ನೆ: ಈ ಸರಳ ರಚನೆಯನ್ನು ಹಳ್ಳಿಯ ಮೆಕ್ಯಾನಿಕನೂ ಬಿಚ್ಚಿ ಜೋಡಿಸಬಲ್ಲವನಾಗಿದ್ದನು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಅದು ಗಾಳಿಯನ್ನು ನಂಬಿದ್ದರಿಂದ ಸೋತಿತೆನ್ನಲಾಗದು. 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದೊಡನೆ ಬಂದು ಮಾರುಕಟ್ಟೆಯನ್ನು ಹಿಡಿದ 100 ಘನ ಸೆಂಟಿಮೀಟರಿನ ವಾಹನಗಳೂ ವಾಯುಶೀತಲವೇ ಆಗಿದ್ದವು. ವ್ಯತ್ಯಾಸವಿದ್ದುದು ಬೇರೆಡೆ. 1985ರ ಹೀರೋ ಹೋಂಡಾ ಸಿ.ಡಿ. 100 ನಾಲ್ಕು ಸ್ಟ್ರೋಕಿನದಾಗಿದ್ದು ಬಹಳ ಕಡಿಮೆ ಪೆಟ್ರೋಲಿನಲ್ಲಿ ಓಡುತ್ತಿತ್ತು. ಯೆಜ್ದಿಯಂತಹ ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಸುಟ್ಟ ಹೊಗೆಯನ್ನು ಹೊರದೂಡುವ ಕೆಲಸವನ್ನು ಹೊಸ ಮಿಶ್ರಣವೇ ಮಾಡಬೇಕಾದುದರಿಂದ, ಅದರ ಒಂದಂಶ ಸುಡದೆಯೇ ಹೊರಟುಹೋಗುತ್ತದೆ. ಅದು ಸವಾರನಿಗೆ ನಷ್ಟ, ಊರಿನ ಗಾಳಿಗೆ ಮಲಿನ. 1996ರಲ್ಲಿಯೂ 2000ದಲ್ಲಿಯೂ ಹೊಗೆಯ ನಿಯಮಗಳು ಬಿಗಿಯಾದಾಗ ಉಳಿಯಬೇಕಾದ ಸಂಸ್ಥೆಗೆ ಹೊಸ ಎಂಜಿನೇ ಬೇಕಾಗಿತ್ತು. ಲಕ್ಷಾಂತರ ವಾಹನಗಳನ್ನು ಮಾರುವ ಸಂಸ್ಥೆಗೆ ಹೊಸ ವಿನ್ಯಾಸದ ವೆಚ್ಚ ಪ್ರತಿ ವಾಹನದ ಮೇಲೆ ಅಲ್ಪವಾಗಿ ಬೀಳುತ್ತದೆ. ಕಡಿಮೆ ಮಾರುವ ಸಂಸ್ಥೆಗೆ ಅದೇ ವೆಚ್ಚ ಹೊರಲಾರದ ಹೊರೆಯಾಗುತ್ತದೆ. ಸ್ವತಂತ್ರ ಸಂಸ್ಥೆಗಳ ಸಂಕಟದ ಬೇರು ಇಲ್ಲಿದೆ.

ಸಂಸ್ಥೆ ಹೋದ ಮೇಲೂ ಹೆಸರಿಗೆ ಬೆಲೆ ಉಳಿಯಿತು. ಮಹೀಂದ್ರ ಸಂಸ್ಥೆಯ ಬಹುಪಾಲು ಒಡೆತನದ ಕ್ಲಾಸಿಕ್ ಲೆಜೆಂಡ್ಸ್ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ದಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ನಿರ್ಮಾಣ ನಡೆದುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ದಿ ಎಂಬ ಹೆಸರಿನ ಒಡೆತನ ಯಾರದೆಂಬ ವ್ಯಾಜ್ಯ ಕರ್ನಾಟಕದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. 2018ರ ಜಾವಾದ 293 ಘನ ಸೆಂಟಿಮೀಟರಿನ ಎಂಜಿನು ದ್ರವಶೀತಲ. ಆದರೂ ಅದರ ಸಿಲಿಂಡರಿನ ಮೇಲೆ ಹಳೆಯ ಫಿನ್ನುಗಳ ರೂಪವನ್ನು ಉಳಿಸಿಕೊಳ್ಳಲಾಯಿತು. ಒಮ್ಮೆ ಆವಶ್ಯಕತೆಯಾಗಿದ್ದುದು ಈಗ ಅಲಂಕಾರವಾಯಿತು.

ಇತರ ಸಂಸ್ಥೆಗಳ ಗತಿಯೂ ಇದೇ ದಿಕ್ಕಿನದು. ರಾಯಲ್ ಎನ್‌ಫೀಲ್ಡ್ 1994ರಲ್ಲಿ ಐಷರ್ ಸಂಸ್ಥೆಯೊಡನೆ ಸೇರಿತು. ಮೈಸೂರಿನಲ್ಲಿಯೂ ಕಾರ್ಖಾನೆಯನ್ನುಳ್ಳ ಟಿ.ವಿ.ಎಸ್. ಸಂಸ್ಥೆ 2020ರಲ್ಲಿ ಇಂಗ್ಲೆಂಡಿನ ನಾರ್ಟನ್ನನ್ನು ಕೊಂಡುಕೊಂಡಿತು. 2022ರಲ್ಲಿ ವಿದ್ಯುತ್ ಮೋಟಾರು ಸೈಕಲ್ಲನ್ನು ಮಾರುಕಟ್ಟೆಗೆ ತಂದ ಬೆಂಗಳೂರಿನ ಅಲ್ಟ್ರಾವಯೊಲೆಟ್ ಹೊಸ ಪೀಳಿಗೆಯ ಸಂಸ್ಥೆ, ಅದರಲ್ಲಿಯೂ ಟಿ.ವಿ.ಎಸ್. ಬಂಡವಾಳ ಹೂಡಿದೆ. ವಿನ್ಯಾಸದಲ್ಲಿ ಸ್ವತಂತ್ರ, ಬಂಡವಾಳದಲ್ಲಿ ಆಶ್ರಿತ ಎಂಬುದೇ ಮುಂದಿನ ಸಾಮಾನ್ಯ ಮಾದರಿಯಾಗುವಂತೆ ತೋರುತ್ತದೆ.

ಹಾಗಾದರೆ ನಮ್ಮ ಭಾಗದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇದರಲ್ಲಿ ಕೆಲಸವೇನು? ಮುಚ್ಚಿಹೋದ ಸಂಸ್ಥೆಯ ವಾಹನ ಬೀದಿಯಲ್ಲಿ ಉಳಿಯಬೇಕಾದರೆ ಬಿಡಿಭಾಗವೂ ಅದನ್ನು ಜೋಡಿಸುವ ಕೈಯೂ ಇರಬೇಕು. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಶಾಲೆಗಳೂ ಇವೆ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೇ ಊರಿನಲ್ಲಿದೆ. ಹಳೆಯ ಸಿಲಿಂಡರೊಂದನ್ನು ಅಳೆದು, ನಕ್ಷೆ ಬರೆದು, ಅಚ್ಚು ಮಾಡಿ, ಎರಕ ಹೊಯ್ದು, ಘಟ್ಟದ ಏರಿನಲ್ಲಿ ಅದರ ತಾಪವನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳ ಒಂದು ವರ್ಷದ ಯೋಜನೆಗೆ ತಕ್ಕ ವಿಷಯ. ಉಷ್ಣ, ಲೋಹ, ಅಳತೆ, ವೆಚ್ಚ ಈ ನಾಲ್ಕು ಪಾಠಗಳೂ ಅದರಲ್ಲಿ ಒಟ್ಟಿಗೆ ದೊರೆಯುತ್ತವೆ. ಹಳೆಯ ಎರಡು ಸ್ಟ್ರೋಕಿನ ವಾಹನಗಳು ನಿತ್ಯದ ಬಳಕೆಗೆ ಮತ್ತೆ ಬರಲೆಂದು ನಾವು ಹೇಳುತ್ತಿಲ್ಲ. ಅವುಗಳ ಹೊಗೆಯನ್ನು ಸಮರ್ಥಿಸಲಾಗದು. ಅವುಗಳನ್ನು ಬಿಚ್ಚಿ ಕಟ್ಟುವ ವಿದ್ಯೆ ಮಾತ್ರ ಅಳಿಯಬಾರದು.

ಮಿತವಾದ ಶಕ್ತಿ, ಮಿತವಾದ ಬೆಲೆ, ಸುಲಭವಾದ ದುರಸ್ತಿ ಇವು ಬೇಕಾಗಿರುವವರೆಗೆ, ವಿದ್ಯುತ್ ವಾಹನ ಆ ಸ್ಥಾನವನ್ನು ಪೂರ್ಣವಾಗಿ ತುಂಬುವವರೆಗೆ, ವಾಯುಶೀತಲ ಎಂಜಿನು ನಮ್ಮ ರಸ್ತೆಗಳ ಮೇಲೆ ಇರುತ್ತದೆ. ಸಂಸ್ಥೆಯ ಉಳಿವಾದರೋ ಎಂಜಿನಿನ ಬಗೆಯನ್ನವಲಂಬಿಸಿಲ್ಲ. ಕಾಲಕ್ಕೆ ತಕ್ಕಂತೆ ಅದನ್ನು ಬದಲಿಸಬಲ್ಲ ವಿದ್ಯೆಯನ್ನೂ ಧನವನ್ನೂ ಅವಲಂಬಿಸಿದೆ. ಧನವನ್ನು ಒದಗಿಸುವುದು ವಿದ್ಯಾಲಯಗಳ ಕೈಯಲ್ಲಿಲ್ಲ. ವಿದ್ಯೆಯನ್ನು ಒದಗಿಸುವುದು ಅವುಗಳ ಕರ್ತವ್ಯ.