ಪಿಎಸ್‌ಎ 4 ದಾಟಿದರೆ ಕ್ಯಾನ್ಸರ್ ಗ್ಯಾರಂಟಿಯೇ?

‘ಪಿಎಸ್‌ಎ 4 ದಾಟಿದರೆ ಕ್ಯಾನ್ಸರ್ ಗ್ಯಾರಂಟಿ, ಕಡಿಮೆ ಇದ್ದರೆ ಚಿಂತೆಯೇ ಇಲ್ಲ’ ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಖಾನಾಪುರ ತಾಲ್ಲೂಕಿನ ಬೀಡಿಯಿಂದ ಬೆಳಗಾವಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದ ಹಿರಿಯರು ಇದನ್ನು ಓದಿದರೆ ರಾತ್ರಿಯಿಡೀ ನಿದ್ದೆ ಬರಲಿಕ್ಕಿಲ್ಲ. ಆದರೆ ಎರಡೂ ಮಾತು ತಪ್ಪು.

ಪಿಎಸ್‌ಎ ಎಂದರೇನು?
ಗಂಡಸರ ಮೂತ್ರಕೋಶದ ಕೆಳಗಿರುವ ಪ್ರೊಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್ ಇದು. ವೀರ್ಯವನ್ನು ತೆಳುವಾಗಿಸುವುದು ಇದರ ಕೆಲಸ. ಇದನ್ನು ತಯಾರಿಸುವ ಸೂಚನೆ ಇರುವುದು 19ನೇ ಕ್ರೋಮೋಸೋಮ್‌ನ ಕೆಎಲ್‌ಕೆ3 ಎಂಬ ಜೀನ್‌ನಲ್ಲಿ. ಟೆಸ್ಟೋಸ್ಟೆರಾನ್‌ನಂತಹ ಆಂಡ್ರೋಜೆನ್ ಹಾರ್ಮೋನುಗಳು ಈ ಜೀನನ್ನು ಚುರುಕುಗೊಳಿಸುತ್ತವೆ. ಅವುಗಳ ಪ್ರಭಾವ ತಗ್ಗಿದರೆ ಪಿಎಸ್‌ಎ ಕೂಡ ತಗ್ಗುತ್ತದೆ.

ಹೆಚ್ಚಿದ್ದರೆ?
ವಯಸ್ಸಾದಂತೆ ಗ್ರಂಥಿ ದೊಡ್ಡದಾದರೂ, ಅದಕ್ಕೆ ಸೋಂಕು ತಗುಲಿದರೂ ಪಿಎಸ್‌ಎ ಏರುತ್ತದೆ. ಪಿಎಸ್‌ಎ ಹೆಚ್ಚಿದೆ ಎಂದು ಬಯಾಪ್ಸಿ ಮಾಡಿಸಿಕೊಂಡ ನಾಲ್ವರಲ್ಲಿ ಸುಮಾರು ಒಬ್ಬರಿಗಷ್ಟೇ ಕ್ಯಾನ್ಸರ್ ಕಂಡುಬರುತ್ತದೆ.

ಕಡಿಮೆ ಇದ್ದರೆ?
ಕೂದಲು ಉದುರುವುದಕ್ಕೂ ಪ್ರೊಸ್ಟೇಟ್ ದೊಡ್ಡದಾಗಿದ್ದಕ್ಕೂ ಕೊಡುವ ಫಿನಾಸ್ಟರೈಡ್ ಮಾತ್ರೆ ಆಂಡ್ರೋಜೆನ್ ಪ್ರಭಾವವನ್ನು ಕುಗ್ಗಿಸುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ ರಿಪೋರ್ಟಿನಲ್ಲಿ 2.5 ಎಂದಿದ್ದರೆ ವೈದ್ಯರು ಅದನ್ನು 5 ಎಂದೇ ಲೆಕ್ಕ ಹಾಕುತ್ತಾರೆ. ಮಾತ್ರೆಯ ವಿಷಯ ಮುಚ್ಚಿಟ್ಟರೆ ಕಾಯಿಲೆ ಕಣ್ತಪ್ಪಬಹುದು.

ನಾವು ಹೇಳುವುದಿಷ್ಟು
ಒಂದು ಅಂಕಿ ನೋಡಿ ಹೆದರಬೇಡಿ, ಮೈಮರೆಯಲೂ ಬೇಡಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಕೂದಲಿನ ಮಾತ್ರೆ ಸಹಿತ ವೈದ್ಯರಿಗೆ ತೋರಿಸಿ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಮನೆಯ ಹಿರಿಯರಿಗೆ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.