ಉದ್ಯಮಿಯ ಮನೆಯಿಂದ ಕಾನೂನು ಕಾಲೇಜಿಗೆ

ಹುಬ್ಬಳ್ಳಿಯಲ್ಲಿ ಪಂಪುಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರಿಗೆ ಐದಾರು ವರ್ಷಗಳ ಹಿಂದೆ ಗಿರಾಕಿಯೊಬ್ಬರು ನೀಡಿದ ಚೆಕ್ಕು ಬೌನ್ಸ್ ಆಯಿತು. ಗಿರಾಕಿ ಹಳೆಯ ಪರಿಚಯದವರು. ಬರುವ ವಾರ ಕೊಡುವೆನೆಂಬ ಅವರ ಮಾತನ್ನು ನಂಬಿ ಮಾಲೀಕರು ಸುಮ್ಮನಿದ್ದರು. ವಕೀಲರನ್ನು ಕಾಣುವಷ್ಟರಲ್ಲಿ 38 ದಿನಗಳು ಕಳೆದಿದ್ದವು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಂತೆ, ಚೆಕ್ಕು ಮರಳಿದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಚೆಕ್ಕಿನ ಮೂರು ತಿಂಗಳ ಅವಧಿಯೂ ಮುಗಿದಿದ್ದರಿಂದ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕುವಂತಿರಲಿಲ್ಲ. ಸಿವಿಲ್ ದಾವೆಯೊಂದೇ ಉಳಿದ ದಾರಿಯಾಗಿತ್ತು.

ಅಂದು ತಂದೆಯ ಜೊತೆ ವಕೀಲರ ಕಚೇರಿಯಲ್ಲಿ ಕುಳಿತಿದ್ದ ಮಗಳು ಪಿ.ಯು.ಸಿ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಇಂದು ಆಕೆ ಐದು ವರ್ಷಗಳ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿದ್ದಾರೆ. ಮನೆಯಲ್ಲಿ ಎಲ್ಲರೂ ನಿರೀಕ್ಷಿಸಿದ್ದು ಸಿ.ಎ. ವ್ಯಾಸಂಗವನ್ನು.

ರಾಜ್ಯದ ಕಾನೂನು ಕಾಲೇಜುಗಳಿಗೆ ಸಂಯೋಜನೆ ನೀಡುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿಯೇ ಸ್ಥಾಪನೆಗೊಂಡಿತು. ಅದರ ಪರೀಕ್ಷೆಗಳಲ್ಲಿ ಉತ್ತರಗಳನ್ನು ಸಂಪೂರ್ಣವಾಗಿ ಕನ್ನಡದಲ್ಲಿ ಇಲ್ಲವೇ ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ಬರೆಯಬಹುದು. ಈ ವಿದ್ಯಾರ್ಥಿನಿ ಮೊದಲೆರಡು ವರ್ಷ ಕನ್ನಡವನ್ನೇ ಆರಿಸಿಕೊಂಡರು; ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದನ್ನು ಕಂಡ ಮೇಲೆ ಭಾಷೆಯನ್ನು ಬದಲಿಸಿದರು. ಆ ವರ್ಷ ಅಂಕಗಳು ಕುಸಿದವು. 2024ರ ಜುಲೈ 1ರಿಂದ ಹೊಸ ದಂಡ ಕಾನೂನುಗಳು ಜಾರಿಯಾದಾಗ ಬಾಯಿಪಾಠ ಮಾಡಿದ್ದ ಕಲಮುಗಳೆಲ್ಲ ಬದಲಾದದ್ದು ಇನ್ನೊಂದು ಪೆಟ್ಟು. ಪೇಟೆಯ ಬಾಯಲ್ಲಿ ಬೈಗುಳವೇ ಆಗಿರುವ ‘ನಾನೂರ ಇಪ್ಪತ್ತು’ ಈಗ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು!

ತರಗತಿಗಿಂತ ಹೆಚ್ಚಿನ ಪಾಠ ದೊರೆತದ್ದು ತರಬೇತಿಯಲ್ಲಿ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಂತೆ ಐದು ವರ್ಷಗಳ ಪದವಿಯಲ್ಲಿ ಕನಿಷ್ಠ 20 ವಾರಗಳ ತರಬೇತಿ ಕಡ್ಡಾಯ. ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಬಾಕಿ ವಸೂಲಿಯ ಕಡತಗಳನ್ನು ಜೋಡಿಸುವ ಕೆಲಸ ಆಕೆಯ ಪಾಲಿಗೆ ಬಂದಿತು. ಬಹುತೇಕ ಕಡತಗಳಲ್ಲಿ ಇದ್ದದ್ದು ಲೆಡ್ಜರ್ ಪ್ರತಿ ಮಾತ್ರ. ಸರಕು ತಲುಪಿದ್ದಕ್ಕೆ ಸಹಿಯಾದ ಚಲನ್ ಇಲ್ಲ. ಆರ್ಡರ್ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ, ಆ ಫೋನು ಈಗ ಕೆಟ್ಟಿದೆ. ಫೋನಿನ ಸಂದೇಶಗಳ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕು, ಅದರಲ್ಲಿ ತಜ್ಞರ ಸಹಿಯೂ ಇರಬೇಕು. ಕಡತ ತಂದ ವ್ಯಾಪಾರಸ್ಥರಲ್ಲಿ ಇದನ್ನು ಅರಿತವರು ವಿರಳ.

ಅಲ್ಲಿಯೇ ಆಕೆಗೆ ತಿಳಿದ ಇನ್ನೊಂದು ಸಂಗತಿ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯದು. ಸಣ್ಣ ಉತ್ಪಾದಕರಿಗೆ ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2021ರ ಜುಲೈನಲ್ಲಿ ಸಗಟು ಹಾಗೂ ಚಿಲ್ಲರೆ ವರ್ತಕರಿಗೂ ಉದ್ಯಮ್ ನೋಂದಣಿ ತೆರೆಯಿತಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದಕಾರಣ ತಂದೆಯ ಘಟಕಕ್ಕೆ ಅನ್ವಯಿಸುವ ಈ ರಕ್ಷಣೆಯನ್ನು ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ನೆಚ್ಚುವಂತಿಲ್ಲ.

ತಂದೆಯ ಚೆಕ್ಕು ರಿಜಿಸ್ಟರಿನಲ್ಲಿ ಆಕೆ ಎರಡು ಕಾಲಂ ಹೆಚ್ಚಿಸಿದ್ದಾರೆ: ಬ್ಯಾಂಕಿನ ಮೆಮೊ ಬಂದ ದಿನಾಂಕ, ಮೂವತ್ತನೆಯ ದಿನದ ದಿನಾಂಕ.

ಇನ್ನು ಮುಂದಿನ ದಾರಿ. ಸಹಪಾಠಿಗಳಲ್ಲಿ ಕೆಲವರ ಕಣ್ಣು ಬೆಂಗಳೂರಿನ ಕಂಪನಿಗಳ ಕಾನೂನು ವಿಭಾಗದ ಮೇಲಿದೆ. ನ್ಯಾಯಾಧೀಶರಾಗಬಯಸಿದವರ ಲೆಕ್ಕಾಚಾರವು, ಸಿವಿಲ್ ನ್ಯಾಯಾಧೀಶ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ತೀರ್ಪಿತ್ತ ಮೇಲೆ ಬದಲಾಗಿದೆ. ಈಕೆಯ ಗುರಿ ಹುಬ್ಬಳ್ಳಿಯಲ್ಲಿಯೇ ವಾಣಿಜ್ಯ ವ್ಯಾಜ್ಯಗಳನ್ನು ನಡೆಸುವುದು.

ತಂದೆಗೆ ಅದು ಹೆಮ್ಮೆಯೂ ಹೌದು, ಚಿಂತೆಯೂ ಹೌದು. ಸನ್ನದಿನ ಶುಲ್ಕ ಈಗ ಹೊರೆಯಲ್ಲ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮೀರಬಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಹೇಳಿತು. ಚಿಂತೆ ಇರುವುದು ಮೊದಲ ವರ್ಷಗಳ ಗಳಿಕೆಯದು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡುವಂತೆ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಮಾಡಿತು. ಸಲಹೆ ಕಡ್ಡಾಯವಲ್ಲ. ಪರಿಚಯದ ಇಬ್ಬರು ಹಿರಿಯ ವಕೀಲರನ್ನು ತಂದೆ ವಿಚಾರಿಸಿದ್ದಾರೆ. ಒಬ್ಬರು ಪ್ರಯಾಣದ ವೆಚ್ಚ ಕೊಡುವುದಾಗಿ ಹೇಳಿದ್ದಾರೆ, ಇನ್ನೊಬ್ಬರು ಪದವಿ ಮುಗಿಯಲಿ ನೋಡೋಣ ಎಂದಿದ್ದಾರೆ.