ಮಗ್ಗುಲು ಬದಲಿಸುವ ಕೈಗಳು

ಮೈಸೂರಿನ ವೃದ್ಧಾಶ್ರಮವೊಂದರಲ್ಲಿ ಬೆಳಗಿನ ಐದೂವರೆಗೇ ಬಿಸಿನೀರು ಕಾಯುತ್ತದೆ. ಉಡಿಗಾಲ ಎಂಬ ಹಳ್ಳಿಯ ಹುಡುಗಿ ಕೈತೊಳೆದು, ಗ್ಲೌಸು ತೊಟ್ಟು ಮಂಚದ ಬಳಿ ನಿಲ್ಲುತ್ತಾಳೆ. ಊರಲ್ಲಿ ಅರಿಸಿನದ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದವಳು. ರೋಗಿಗಳ ಆರೈಕೆ ಕಲಿಸುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಮುಗಿಸಿ ಇಲ್ಲಿಗೆ ಬಂದಿದ್ದಾಳೆ.

"ಅಜ್ಜಿ, ಈ ಮಗ್ಗುಲಿಗೆ ತಿರುಗ್ತೀರಾ?"

"ನೀನೇ ತಿರುಗ್ಸವ್ವ, ನನ್ ಕೈಲಾಗದಿಲ್ಲ ಕನ."

ಲಕ್ವ ಹೊಡೆದು ಅಜ್ಜಿಯ ಎಡಭಾಗ ಬಿದ್ದುಹೋಗಿದೆ. ಮೈ ಒರೆಸುವಾಗ ಹುಡುಗಿ ಒರೆಸುವಷ್ಟು ಜಾಗವನ್ನು ಮಾತ್ರ ತೆರೆದು, ಉಳಿದ ಮೈಗೆ ದುಪ್ಪಟಿ ಹೊದಿಸಿರುತ್ತಾಳೆ. ಈ ಮರ್ಯಾದೆಯನ್ನು ಯಾರೂ ಹೇಳಿಕೊಡಬೇಕಿಲ್ಲ, ಆದರೂ ಎಷ್ಟೋ ಕಡೆ ಅದು ಕಾಣಸಿಗುವುದಿಲ್ಲ. ಸೊಂಟದ ಕೆಳಗಿನ ಎಲುಬಿನ ಮೇಲೆ ಕೆಂಪು ಕಂಡಿತೆಂದರೆ ಬೆರಳಿನಿಂದ ಮೆತ್ತಗೆ ಒತ್ತಿ ನೋಡುತ್ತಾಳೆ. ಒತ್ತಿದಾಗಲೂ ಕೆಂಪು ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಸುಳಿವು. ಎಣ್ಣೆ ಹಚ್ಚಿ ತಿಕ್ಕುವಂತಿಲ್ಲ. ನರ್ಸಿಗೆ ತಿಳಿಸಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇರುಳೂ ಅಷ್ಟೇ.

ರವಿಕೆ ತೊಡಿಸುವುದಕ್ಕೂ ಕ್ರಮವಿದೆ. ತೊಡಿಸುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ರಾಗಿ ಗಂಜಿ ಕುಡಿಸುವ ಮುಂಚೆ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು. ಒಂದು ಗುಟುಕು ಇಳಿಯಿತೆಂದು ಗಂಟಲು ನೋಡಿಯೇ ಮುಂದಿನ ಚಮಚ. ಅವಸರ ಮಾಡಿದರೆ ಗಂಜಿ ಶ್ವಾಸಕೋಶಕ್ಕೆ ಹೋದೀತು.

ಊರಿನಿಂದ ಅತ್ತಿಗೆಯ ಫೋನು. ಹಾಸಿಗೆ ಹಿಡಿದ ಅಪ್ಪ ಎರಡು ದಿನದಿಂದ ಏನೇನೋ ಬಡಬಡಿಸುತ್ತಿದ್ದಾರಂತೆ, ಗಾಳಿ ಸೋಕಿದೆ ಎನ್ನುತ್ತಾರೆ ಮನೆಯವರು. "ಉಚ್ಚೆ ಯಾವ ಬಣ್ಣ ಅತ್ತಿಗೆ? ವಾಸ್ನೆ ಅದಾ?" ಎಂದು ಇವಳು ಕೇಳುತ್ತಾಳೆ. ವಯಸ್ಸಾದವರಿಗೆ ಮೂತ್ರದ ಸೋಂಕು ತಗುಲಿದಾಗ ಜ್ವರವೇ ಬಾರದೆ ಬುದ್ಧಿ ಮಂಕಾಗುವುದುಂಟು. "ಆಸ್ಪತ್ರೆಗೆ ಇವತ್ತೇ ಕರ್ಕೊಂಡೋಗಿ."

ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ ಇರಲಿ, ಅಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರಲಿ ಎನ್ನುತ್ತದೆ. ಒಳ್ಳೆಯದೇ. ಆದರೆ ಮಂಚ ಹಾಕಿಸಿದ ಮಾತ್ರಕ್ಕೆ ಆರೈಕೆ ಆಗದು. ಹಗಲಿರುಳು ಇಷ್ಟೆಲ್ಲ ಗಮನಿಸುವ ಹೆಣ್ಣುಮಕ್ಕಳನ್ನು ಕಸ ಗುಡಿಸುವವರ ಲೆಕ್ಕಕ್ಕೆ ಸೇರಿಸಿ ಸಂಬಳ ಕೊಡುವುದು ಅನ್ಯಾಯವೆಂದೇ ನನ್ನ ಮಾತು.

ಪಾಳಿ ಬದಲಾಗುವ ಹೊತ್ತು. ಹುಡುಗಿ ಪುಸ್ತಕ ತೆರೆದು, ಬಂದವಳಿಗೆ ಒಂದೊಂದೇ ಒಪ್ಪಿಸುತ್ತಾಳೆ: "ಮೂರನೇ ಮಂಚದ ಅಜ್ಜಿ ಅರ್ಧ ಲೋಟ ಗಂಜಿ ಕುಡಿದವ್ರೆ. ಕಿಟಕಿ ಪಕ್ಕದ ತಾತನ ಹಿಮ್ಮಡಿ ಕೆಂಪಗದೆ, ನರ್ಸಿಗೆ ಹೇಳಿವ್ನಿ. ನಾಲ್ಕು ಗಂಟೆಗೆ ಎಡಕ್ಕೆ ತಿರುಗ್ಸು."